ಗುಣಮಟ್ಟ ಅಳೆಯುವವರೇ, ಕೇರಿಗೆ ಬನ್ನಿ

ಗುಣಮಟ್ಟ ಅಳೆಯೋದು ಅಂದ್ರೆ ಏನು ಅಂತ ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಲಾರಿ ಕಾರ್ಖಾನೆ ಗೇಟು ದಾಟಿದ ಮಾತ್ರಕ್ಕೆ ಲೆಕ್ಕ ಮುಗಿಯಲ್ಲ. ತೂಕ ಆಗಬೇಕು. ಅರೆದ ಮೇಲೆ ಎಷ್ಟು ಸಕ್ಕರೆ ಬಂತು ಅಂತ ನೋಡಬೇಕು. ಆ ಇಳುವರಿ ನೋಡಿಯೇ ಸರ್ಕಾರ ದರ ಕಟ್ಟುತ್ತೆ. ಆನ್‌ಲೈನ್ ಪದವಿಗಳ ಗುಣಮಟ್ಟ ಅಳೆಯುವವರು ಮಾತ್ರ ಇನ್ನೂ ಗೇಟಿನಲ್ಲೇ ನಿಂತಿದ್ದಾರೆ.

ಯುಜಿಸಿಯ 2020ರ ನಿಯಮಾವಳಿ ವಿಡಿಯೋ ಪಾಠ ಇರಬೇಕು, ಓದುವ ಪಠ್ಯ ಇರಬೇಕು, ಚರ್ಚೆ, ಪರೀಕ್ಷೆ ಇರಬೇಕು ಅನ್ನುತ್ತೆ. ವಿಶ್ವವಿದ್ಯಾಲಯದೊಳಗೇ ಗುಣಮಟ್ಟ ಖಾತರಿಯ ಕೇಂದ್ರ ಇರಬೇಕು ಅನ್ನುತ್ತೆ. ಇರಲಿ, ಬೇಡ ಅನ್ನೋರು ನಾವಲ್ಲ. ನಿಯಮವಿಲ್ಲದಿದ್ದರೆ ಪದವಿ ಮಾರುವ ಅಂಗಡಿಗಳು ಏಳುತ್ತವೆ. ಅಲ್ಲಿ ಮೊದಲು ಮೋಸ ಹೋಗೋರು ನಮ್ಮ ಮಕ್ಕಳೇ. ಆದರೆ ಪಾಠ ಇದೆಯೋ ಇಲ್ಲವೋ ಅಂತ ನೋಡಿದವರು, ಆ ಪಾಠ ಯಾರಿಗೆ ಮುಟ್ಟಿತು ಅಂತ ಯಾಕೆ ನೋಡಲ್ಲ?

ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಕತ್ತಲಾದ ಮೇಲೆ ಮನೆ ಸೇರುತ್ತಾಳೆ. ಮನೆಗೆಲ್ಲ ಒಂದೇ ಫೋನು. ಅದು ಅಣ್ಣನ ಕೈಲಿರುತ್ತೆ. ಮಳವಳ್ಳಿ ಕಡೆಯ ಕೂಲಿ ಹುಡುಗನಿಗೆ ತಿಂಗಳ ಕೊನೆಗೆ ಕರೆನ್ಸಿ ಹಾಕಿಸೋಕೆ ಕಾಸಿಲ್ಲ. ಇವರು ಓದು ಬಿಟ್ಟರೆ 'ಆಸಕ್ತಿಯಿಲ್ಲ' ಅಂತ ಷರಾ ಬೀಳುತ್ತೆ. ಯಾರು ಯಾವ ಪಾಠ ತೆರೆದರು ಅನ್ನೋದು ಕಂಪ್ಯೂಟರಿನಲ್ಲೇ ದಾಖಲಾಗುತ್ತೆ. ಮೂರು ವಾರ ಪಾಠ ತೆರೆಯದ ಹುಡುಗಿಗೆ ಫೋನು ಮಾಡಿ, 'ಯಾಕವ್ವ, ಏನಾಯ್ತು?' ಅಂತ ಕೇಳೋಕೆ ಯಾವ ನಿಯಮ ಅಡ್ಡ ಬರುತ್ತೆ?

ಅಳತೆಗಾರರ ತಪ್ಪಿಗೆ ದಂಡ ಕಟ್ಟಿದವರು ಯಾರು ಅಂತ ನಾವು ಕಣ್ಣಾರೆ ಕಂಡಿದ್ದೇವೆ. ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಕಾಲೇಜಿನ ಮೆಟ್ಟಿಲು ಹತ್ತಲಾಗದವರ ಬಾಗಿಲಾಗಿತ್ತು. ಅದು ಖಾಸಗಿಯವರ ಜೊತೆ ಸೇರಿ ರಾಜ್ಯದಾಚೆಗೂ ಕೇಂದ್ರ ತೆರೆಯಿತು. 2015ರ ಜೂನ್‌ನಲ್ಲಿ ಯುಜಿಸಿ, 2012-13ರ ಆಚೆಗೆ ಇದಕ್ಕೆ ಮಾನ್ಯತೆಯಿಲ್ಲ ಅಂತ ಸಾರಿತು. ಅಷ್ಟರಲ್ಲಿ ನಮ್ಮವರು ಫೀಜು ಕಟ್ಟಿ, ಪುಸ್ತಕ ಓದಿ, ಪರೀಕ್ಷೆಯನ್ನೂ ಬರೆದಿದ್ದರು. 2018ರಲ್ಲಿ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಮರಳಿತು. ನಡುವೆ ಕಳೆದುಹೋದ ವರ್ಷಗಳನ್ನು ವಿದ್ಯಾರ್ಥಿಗೆ ಯಾರು ಮರಳಿಸುತ್ತಾರೆ? ತಪ್ಪು ಮಾಡಿದ್ದು ಕುರ್ಚಿ, ಶಿಕ್ಷೆ ಉಂಡದ್ದು ಕೇರಿ.

ಅದಕ್ಕೇ ನಾವು ಕೇಳುತ್ತಿದ್ದೇವೆ. ಪ್ರತಿ ಆನ್‌ಲೈನ್ ಪದವಿಗೂ ಎಷ್ಟು ಜನ ಸೇರಿದರು, ಎಷ್ಟು ಜನ ನಡುವೆ ಬಿಟ್ಟರು, ಎಷ್ಟು ಜನ ಪಾಸಾದರು ಅನ್ನೋದನ್ನ ಜಾತಿವಾರು, ತಾಲ್ಲೂಕುವಾರು, ಹೆಣ್ಣು ಗಂಡು ಬೇರೆ ಮಾಡಿ ಪ್ರಕಟಿಸಿ. ಪಂಚಾಯ್ತಿ ಗ್ರಂಥಾಲಯಗಳನ್ನು ರಾತ್ರಿಯೂ ತೆರೆಯಿರಿ; ಅಲ್ಲಿ ಕಂಪ್ಯೂಟರೂ ಇರಲಿ, ಹೇಳಿಕೊಡುವ ಮನುಷ್ಯನೂ ಇರಲಿ. ಮಾನ್ಯತೆ ಹೋದರೆ, ಸೇರಿದವರ ಓದು ಮುಗಿಸುವ ಹೊಣೆಯನ್ನು ಮೊದಲೇ ಬರೆದುಕೊಡಿ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಅವರು ಈ ಲೆಕ್ಕ ಕೊಡುವ ತನಕ ಕಾಯಬೇಡಿ. ನಿಮ್ಮೂರಲ್ಲಿ ಓದು ಬಿಟ್ಟವರ ಪಟ್ಟಿಯನ್ನು ಈ ವಾರವೇ ಬರೆಯಿರಿ. ಆ ಪಟ್ಟಿ ಹಿಡಿದು ಮಂಡ್ಯಕ್ಕೂ ಹೋಗೋಣ, ಮೈಸೂರಿಗೂ ಹೋಗೋಣ.