ಕಿವಿಗೆ ಮಳೆ ಸದ್ದು, ಮೈಗೆ ಹನ್ನೆರಡು ಗಂಟೆ ಕೆಲಸ

ಆಗುಂಬೆ ಹತ್ತಿರದ ಒಂದು ಹೆಂಚಿನ ಮನೆಯ ಜಗಲಿಯಲ್ಲಿ ಮೂರು ರಾತ್ರಿ ಕೂತು ನಾನು ಮಳೆ ರೆಕಾರ್ಡ್ ಮಾಡಿದ್ದೆ. ಬೆಂಗಳೂರಿನ ಒಂದು ಸ್ಟಾರ್ಟ್‌ಅಪ್ ಒತ್ತಡದಲ್ಲಿರೋ ಯುವಜನರಿಗೆ ಸದ್ದಿನ ಮೂಲಕ ನೆಮ್ಮದಿ ಕೊಡುವ ಆಪ್ ಮಾಡ್ತಿತ್ತು. ಅದರ ಸೌಂಡ್ ಡಿಸೈನ್ ನನ್ನ ಪಾಲಿಗೆ ಬಂದಿತ್ತು. ಆ ಮಳೆಯನ್ನ ಊರಿಗೆ ತಂದು ಮೊಬೈಲ್ ಸ್ಪೀಕರಿನಲ್ಲಿ ಹಾಕಿದರೆ, ಬಾಣಲೆಯಲ್ಲಿ ಏನೋ ಕರಿಯೋ ಹಾಗೆ ಕೇಳ್ತು. ಫೋನಿನ ಪುಟ್ಟ ಸ್ಪೀಕರು ತಗ್ಗು ದನಿಗಳನ್ನ ಹೊರಡಿಸಲ್ಲ, ಉಳಿಯೋದು ಬರೀ ಚುರ್ ಅನ್ನೋ ಮೇಲಿನ ಪದರ. ಇನ್ನು ಅರ್ಧ ನಿಮಿಷದ ತುಣುಕನ್ನ ಸುತ್ತಿಸಿ ಸುತ್ತಿಸಿ ಹಾಕಿದರೆ, ಅದರೊಳಗಿನ ಒಂದು ಕಪ್ಪೆ ಪ್ರತಿ ಸಲ ಅದೇ ಜಾಗದಲ್ಲಿ ವಟಗುಟ್ಟುತ್ತೆ. ನಿದ್ದೆ ಮಾಡಬೇಕಾದವನು ಕಪ್ಪೆಗೆ ಕಾಯ್ತಾ ಮಲಗಿರ್ತಾನೆ.

ಕಪ್ಪೆಯನ್ನ ತೆಗೆದೆ. ಬೇರೆಬೇರೆ ಉದ್ದದ ನಾಲ್ಕು ಪದರ ಹೆಣೆದು, ಮರುಕಳಿಕೆ ಕಿವಿಗೆ ಸಿಗದ ಹಾಗೆ ಮಾಡಿದೆ. ತಾಂತ್ರಿಕವಾಗಿ ಒಳ್ಳೇ ಕೆಲಸ ಅಂತ ಈಗಲೂ ಅನಿಸುತ್ತೆ. ಆದರೆ ಆ ಕೆಲಸಕ್ಕಾಗಿ ನಾವು ಮಾತಾಡಿಸಿದ ಹುಡುಗ ಹುಡುಗಿಯರು ಹೇಳಿದ್ದು ತಲೆಯಿಂದ ಹೋಗ್ತಿಲ್ಲ.

ಮಾರತ್ತಹಳ್ಳಿಯ ಪಿಜಿಯಲ್ಲಿರೋ ಒಬ್ಬಳಿಗೆ ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್, ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್‌ಅಪ್. ನಡುವೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆತ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಹೋಗೋ ಒಬ್ಬ, 2021ರ ಅಕ್ಟೋಬರಿನಲ್ಲಿ ಪಿಎಸ್‌ಐ ಪರೀಕ್ಷೆ ಬರೆದವನು. 545 ಹುದ್ದೆಯ ಆ ನೇಮಕಾತಿ ಹಗರಣವಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಕೆಎಎಸ್ ಪ್ರಿಲಿಮ್ಸ್ ಬರೆದ. ಕನ್ನಡ ಅನುವಾದ ಕೆಟ್ಟುಹೋಗಿದ್ದಕ್ಕೆ ಅದನ್ನೂ ಡಿಸೆಂಬರಿನಲ್ಲಿ ಮತ್ತೆ ಬರೆಯಬೇಕಾಯ್ತು, ಎರಡನೇ ಸಲದ ಪತ್ರಿಕೆಯಲ್ಲೂ ತಪ್ಪುಗಳಿದ್ದವು. ನಮ್ಮ ಡೆಮೊ ಕೇಳಿ ಅವನು ಹೇಳಿದ್ದು: “ಮಳಿ ಸಪ್ಪಳ ಛಲೋ ಐತ್ರಿ ಸರ. ಮುಂದಿನ ಪರೀಕ್ಷಾ ಯಾವಾಗ ರದ್ದು ಆಗ್ತದ ಅಂತ ಇದರಾಗ ಮೊದಲ ಗೊತ್ತಾಗ್ತದೇನ್ರಿ?”

ಎಲ್ಲರೂ ನಕ್ಕೆವು. ಆಮೇಲೆ ನಮ್ಮ ಟೀಮು ಅವನ ಕಾರ್ಡಿನ ಮೇಲೆ ‘ಎಕ್ಸಾಮ್ ಆಂಗ್ಸೈಟಿ’ ಅಂತ ಬರೆದು ಗೋಡೆಗೆ ಅಂಟಿಸಿತು. ಇವಳದಕ್ಕೆ ‘ಸ್ಲೀಪ್ ಹೈಜೀನ್’. ಕ್ಲೈಂಟು, ಬೋರ್‌ವೆಲ್ಲು, ಕೆಪಿಎಸ್‌ಸಿ ಯಾವುದೂ ಕಾರ್ಡಿನಲ್ಲಿ ಇರಲಿಲ್ಲ.

ಹಾಗಂತ ಸದ್ದಿನಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಮಲಗೋ ಮುಂಚೆ ಸಂಗೀತ ಕೇಳಿದವರು ನಿದ್ದೆ ಸುಧಾರಿಸಿತು ಅಂತ ಹೇಳೋದು ಅಧ್ಯಯನಗಳಲ್ಲಿ ಕಾಣುತ್ತೆ. ಉಸಿರನ್ನ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಸಿದರೆ ಹೃದಯದ ಬಡಿತದ ಲಯ ಬದಲಾಗುತ್ತೆ, ಅದಕ್ಕೆ ತಂಬೂರದ ಶ್ರುತಿ ಏರಿ ಇಳಿಯೋ ಹಾಗೆ ಮಾಡಿಕೊಟ್ಟರೆ ಅನುಸರಿಸೋದು ಸುಲಭ. ಇಷ್ಟು ನಿಜ. ಆದರೆ ಮಾರ್ಕೆಟಿಂಗ್‌ನವರಿಗೆ ಇಷ್ಟು ಸಾಲಲಿಲ್ಲ. ‘432 ಹರ್ಟ್ಸ್ ಹೀಲಿಂಗ್’ ಬೇಕು ಅಂದರು. ಎರಡು ಕಿವಿಗೆ ಸ್ವಲ್ಪ ಬೇರೆಬೇರೆ ಸ್ವರ ಕೊಟ್ಟರೆ ಮಿದುಳು ಮೂರನೇ ಮಿಡಿತವೊಂದನ್ನ ಕೇಳಿಸಿಕೊಳ್ಳುತ್ತೆ. ಬೈನಾರಲ್ ಬೀಟ್ ಅನ್ನೋ ಈ ವಿದ್ಯಮಾನವನ್ನ ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದಾರೆ. ಅದು ಆತಂಕವನ್ನ ವಾಸಿ ಮಾಡುತ್ತೆ ಅನ್ನೋದಕ್ಕೆ ಸಿಕ್ಕಿರೋ ಪುರಾವೆ ಒಂದಕ್ಕೊಂದು ತಾಳೆಯಾಗಲ್ಲ. ‘ವಿಜ್ಞಾನ ಸಾಬೀತುಪಡಿಸಿದೆ’ ಅನ್ನೋ ಸಾಲನ್ನ ತೆಗೆಸೋಕೆ ನಾನು ಎರಡು ವಾರ ಜಗಳ ಆಡಿದೆ.

ದೊಡ್ಡ ಜಗಳ ಟೈಮರಿನದು. ನಲವತ್ತು ನಿಮಿಷಕ್ಕೆ ಸದ್ದು ತಾನಾಗೇ ಕರಗಿ ನಿಲ್ಲಬೇಕು ಅಂದೆ. ನಿದ್ದೆ ಹೋದವನಿಗೆ ಆಪ್ ಯಾಕೆ? “ಯೂಸರ್ ಮಲಗಿದ್ರೆ ನಮ್ಮ ಮಿನಿಟ್ಸ್ ಬಿದ್ದುಹೋಗುತ್ತೆ” ಅಂದರು. ಹೂಡಿಕೆದಾರರಿಗೆ ತೋರಿಸೋ ಗ್ರಾಫು ಜನ ಆಪಿನಲ್ಲಿ ಕಳೆದ ನಿಮಿಷಗಳದ್ದು, ಸತತ ಎಷ್ಟು ದಿನ ತೆರೆದರು ಅನ್ನೋದರದ್ದು. ಒಂದು ರಾತ್ರಿ ಆಪ್ ಇಲ್ಲದೇ ಚೆನ್ನಾಗಿ ಮಲಗಿದರೆ, ಬೆಳಿಗ್ಗೆ ‘ನಿಮ್ಮ ಸ್ಟ್ರೀಕ್ ಮುರಿದಿದೆ’ ಅಂತ ನೋಟಿಫಿಕೇಶನ್! ಇದೇ ಬೆಂಗಳೂರಿನಲ್ಲಿ ದಶಕಗಳಿಂದ ಎಲೆಕ್ಟ್ರಾನಿಕ್ ತಂಬೂರ ತಯಾರಾಗ್ತಿದೆ. ಆ ಪೆಟ್ಟಿಗೆಗೆ ಶ್ರುತಿ ಕೊಡೋದು ಗೊತ್ತು, ಸ್ವಿಚ್ ಆಫ್ ಮಾಡಿದರೆ ಸುಮ್ಮನಾಗೋದೂ ಗೊತ್ತು.

ದುಡ್ಡು ಯಾರು ಕೊಡ್ತಾರೆ ಅಂತ ನೋಡಿದಾಗ ಕಥೆ ಇನ್ನಷ್ಟು ಬಿಚ್ಚಿಕೊಂಡಿತು. ಯುವಕರು ತಿಂಗಳಿಗೆ ಇನ್ನೂರು ರೂಪಾಯಿ ಕೊಡಲ್ಲ. ಕಂಪನಿಗಳ ಎಚ್‌ಆರ್ ಸಗಟಾಗಿ ಕೊಳ್ಳುತ್ತೆ. ಪ್ರತಿಯಾಗಿ ಅವರಿಗೆ ಒಂದು ಡ್ಯಾಶ್‌ಬೋರ್ಡ್: ಯಾವ ಟೀಮು ರಾತ್ರಿ ಎಷ್ಟು ಹೊತ್ತಿಗೆ ನಿದ್ದೆಯ ಸದ್ದು ಹಾಕಿಕೊಳ್ತು, ಪ್ಯಾನಿಕ್ ಬಟನ್ ಎಷ್ಟು ಸಲ ಒತ್ತಿದರು. ಹೆಸರು ಇರಲ್ಲ ಅಂತ ಭರವಸೆ ಕೊಟ್ಟಿದ್ದರು. ಆರು ಜನರ ಟೀಮಿನಲ್ಲಿ ಮೂವರು ರಜೆಯಲ್ಲಿದ್ದ ವಾರ, ಬೆಳಗಿನ ಜಾವ ಮೂರಕ್ಕೆ ಆ ಬಟನ್ ಒತ್ತಿದ್ದು ಯಾರು ಅಂತ ಮ್ಯಾನೇಜರಿಗೆ ಗೊತ್ತಾಗೋಕೆ ಹೆಸರು ಬೇಕಾ?

ಕಾನೂನು ಇಲ್ಲಿ ನಮ್ಮ ಕೈ ಹಿಡಿಯೋದು ಕಷ್ಟ. 2011ರ ಐಟಿ ನಿಯಮಗಳು ಮಾನಸಿಕ ಆರೋಗ್ಯದ ಮಾಹಿತಿಯನ್ನ ಸೂಕ್ಷ್ಮ ಮಾಹಿತಿ ಅಂತ ಪ್ರತ್ಯೇಕವಾಗಿ ಗುರುತಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ನಿಮ್ಮ ಆತಂಕದ ದಾಖಲೆಗೂ ಪಿಜ್ಜಾ ಆರ್ಡರಿಗೂ ಒಂದೇ ತಕ್ಕಡಿ. ಮೇಲಾಗಿ ಅದರ 7ನೇ ಸೆಕ್ಷನ್ ‘ಉದ್ಯೋಗದ ಉದ್ದೇಶ’ಕ್ಕೆ ಒಪ್ಪಿಗೆಯಿಲ್ಲದೇ ಮಾಹಿತಿ ಬಳಸೋಕೆ ಬಾಗಿಲು ತೆರೆದಿಟ್ಟಿದೆ. ಅಮೆರಿಕದಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬೆಟರ್‌ಹೆಲ್ಪ್, ಬಳಕೆದಾರರ ಮಾಹಿತಿಯನ್ನ ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವರಿಗೆ ಕೊಟ್ಟ ಆರೋಪಕ್ಕೆ 2023ರಲ್ಲಿ 78 ಲಕ್ಷ ಡಾಲರ್ ಕೊಡಬೇಕಾಯ್ತು. ಅಲ್ಲಿ ಕೇಳೋಕೆ ಒಂದು ವ್ಯಾಪಾರ ಆಯೋಗವಾದರೂ ಇತ್ತು.

ಇದೇ ಅವಧಿಯಲ್ಲಿ ನಮ್ಮ ರಾಜ್ಯದಲ್ಲಿ ಏನಾಯ್ತು ನೋಡಿ. 2023ರ ಫೆಬ್ರವರಿಯಲ್ಲಿ ಬಿಜೆಪಿ ಸರ್ಕಾರ ಕಾರ್ಖಾನೆಗಳ ದಿನದ ಕೆಲಸವನ್ನ 12 ಗಂಟೆವರೆಗೆ ಹಿಗ್ಗಿಸೋ ತಿದ್ದುಪಡಿ ಪಾಸು ಮಾಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಅಂದರು. 2024ರ ಜುಲೈನಲ್ಲಿ, ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ, ಐಟಿಯವರಿಗೆ 14 ಗಂಟೆವರೆಗಿನ ಪ್ರಸ್ತಾವ ಚರ್ಚೆಗೆ ಬಂತು. ಐಟಿ ನೌಕರರ ಸಂಘ ಕಿಟು ಬೀದಿಗಿಳಿಯಿತು. 2025ರ ಜೂನಿನಲ್ಲಿ ಮತ್ತೆ, ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12. ಪಕ್ಷ ಬದಲಾದರೂ ಗಡಿಯಾರದ ಮುಳ್ಳು ಓಡೋ ದಿಕ್ಕು ಮಾತ್ರ ಒಂದೇ. ಆ ಕಡೆ ಗಂಟೆ ಏರಿಸೋ ಬೇಡಿಕೆ, ಈ ಕಡೆ ಅದೇ ಉದ್ಯಮದ ಎಚ್‌ಆರ್ ಕಡೆಯಿಂದ ಫ್ರೀ ಮಳೆ ಸದ್ದು.

ಬೋರ್‌ವೆಲ್ ವಿಷಯಕ್ಕೂ ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಅದನ್ನ ಜಾರಿ ಮಾಡಿದ್ದರೆ ಆ ಹುಡುಗಿಗೆ ನನ್ನ ಮಳೆ ಬೇಕಿರಲಿಲ್ಲ. ಈಗ ಆಕೆ ಬೋರ್‌ವೆಲ್ ಮುಚ್ಚಿಹೋಗೋಷ್ಟು ಜೋರಾಗಿ ಇಯರ್‌ಫೋನಿನಲ್ಲಿ ಮಳೆ ಹಾಕಿಕೊಳ್ಳಬೇಕು. ರಾತ್ರಿಯಿಡೀ ಹಾಗೆ ಕೇಳಿದರೆ ಕಿವಿಯ ಗತಿಯೇನು ಅಂತ ನಮ್ಮ ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ, ನಾನೂ ತಡವಾಗಿ ಕೇಳಿದೆ.

ಕೊನೆಗೆ ಗೆದ್ದದ್ದು ಟೈಮರ್ ಒಂದೇ, ಅದೂ ಸೆಟ್ಟಿಂಗ್ಸ್ ಒಳಗೆ ಹೋಗಿ ಆನ್ ಮಾಡಿಕೊಂಡರೆ. ಟೆಲಿ ಮಾನಸ್ ನಂಬರ್ 14416 ಮೊದಲ ಸ್ಕ್ರೀನಿನಲ್ಲೇ ಇರಲಿ ಅಂತ ಕೇಳಿದ್ದೆ. 2022ರ ಅಕ್ಟೋಬರಿನಿಂದ ನಡೀತಿರೋ, ಉಚಿತವಾದ, ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರಿ ಸೇವೆ ಅದು. ನಮ್ಮ ನಿಮ್ಹಾನ್ಸೇ ಅದರ ಪ್ರಮುಖ ಕೇಂದ್ರ. “ಬ್ರ್ಯಾಂಡ್ ಮೂಡ್ ಹಾಳಾಗುತ್ತೆ” ಅಂತ ‘ಹೆಲ್ಪ್’ ಒಳಗೆ, ಮೂರು ಸಲ ಒತ್ತಿದರೆ ಸಿಗೋ ಕಡೆ ಇಟ್ಟರು. ಡ್ಯಾಶ್‌ಬೋರ್ಡ್ ಸೇಲ್ಸ್ ಪಿಚ್ಚಿಗೆ ಹೋದ ತಿಂಗಳು ನಾನು ಹೊರಬಿದ್ದೆ.

ನನ್ನ ಆಗುಂಬೆ ಮಳೆ ಈಗಲೂ ಅದರಲ್ಲಿದೆ, ಕೇಳೋಕೆ ಚೆನ್ನಾಗೇ ಇದೆ. ನಿಮ್ಮ ಆಫೀಸಿನಲ್ಲಿ ಅಂಥದ್ದೊಂದು ಆಪ್ ಫ್ರೀ ಕೊಟ್ಟರೆ, ಇನ್‌ಸ್ಟಾಲ್ ಮಾಡೋ ಮುಂಚೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: ಆ ಡ್ಯಾಶ್‌ಬೋರ್ಡಿನಲ್ಲಿ ನಿಮಗೆ ಏನೇನು ಕಾಣುತ್ತೆ, ಸ್ಕ್ರೀನ್‌ಶಾಟ್ ಕಳಿಸಿ ಅಂತ. ಸಿಸಿಯಲ್ಲಿ ನಿಮ್ಮ ಟೀಮಿನ ಎಲ್ಲರೂ ಇರಲಿ.