ಕಾಯುವ ಕೆಲಸ

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಕೈಯಿಂದ ಒಂದು ಕೊಲೆ ನಡೆದುಹೋಯಿತು. ವಾಚಕರು ಗಾಬರಿಪಡಬೇಕಾಗಿಲ್ಲ; ಸತ್ತದ್ದು ಒಂದು ಜೇಡ. ಬಚ್ಚಲುಮನೆಯ ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿ ಕುಳಿತಿದ್ದ ಅದನ್ನು ಕಂಡು ನಮ್ಮ ತಾಯಿ ಕೂಗಿಕೊಂಡರು. ಮನೆಯ ಯಜಮಾನನಿಗೆ ತಕ್ಕ ಗಾಂಭೀರ್ಯದಿಂದ ನಾನು ಚಪ್ಪಲಿಯನ್ನು ಕೈಗೆತ್ತಿಕೊಂಡು ಬಂದು ಒಂದೇ ಏಟಿಗೆ ಕೆಲಸ ಮುಗಿಸಿದೆ. ಆಮೇಲೆ ನೋಡಿದರೆ, ಅದರ ಹೊಟ್ಟೆಯಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ, ಬಿಳಿಯ, ಚಪ್ಪಟೆಯಾದ ಗಂಟೊಂದಿತ್ತು. ಅದು ಒಡೆದು, ಸಾಸಿವೆ ಕಾಳಿನಂಥ ತತ್ತಿಗಳು ನೆಲದ ಮೇಲೆ ಚೆಲ್ಲಿದ್ದವು.

ಎಂಟು ವರ್ಷದ ನನ್ನ ಮಗಳು ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದ್ದಳು. “ಅಪ್ಪಾ, ಅದು ಗಂಟನ್ನು ಅಲ್ಲೇ ಬಿಟ್ಟು ಓಡಿಹೋಗಬಹುದಾಗಿತ್ತಲ್ಲ, ಯಾಕೆ ಓಡಲಿಲ್ಲ?” ಎಂದಳು. ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಸಂಬಳ ಪಡೆಯುವ ನಾನು, “ಹೋಗು, ಪಾಠ ಓದಿಕೋ” ಎಂದು ಗದರಿಸಿದೆ. ಉತ್ತರ ತೋಚದ ಅಧ್ಯಾಪಕರ ಪುರಾತನ ಉಪಾಯವದು. ಮಗಳು ಓದಲು ಹೋದಳು. ಪ್ರಶ್ನೆ ಮಾತ್ರ ಬಚ್ಚಲುಮನೆಯಲ್ಲೇ ಉಳಿಯಿತು.

ಈ ವರ್ಷ ಮೊದಲ ಮಳೆ ಬಿದ್ದ ವಾರದಲ್ಲಿ, ಅದೇ ಬಾಗಿಲ ಹಿಂದೆ, ಅದೇ ಜಾತಿಯ ಇನ್ನೊಂದು ಜೇಡ ಅಂಥದೇ ಗಂಟನ್ನು ಅವುಚಿಕೊಂಡು ಕಾಣಿಸಿಕೊಂಡಿತು. ಮಗಳು ನನಗೂ ಗೋಡೆಗೂ ನಡುವೆ ಬಂದು ನಿಂತಳು. ಗೃಹನ್ಯಾಯಸ್ಥಾನ ಸೇರಿತು. “ಅದು ಮೈಮೇಲೆ ಹರಿದರೆ ಬೊಬ್ಬೆ ಏಳುತ್ತದಪ್ಪ, ಮಗು ಸ್ನಾನ ಮಾಡುವ ಜಾಗ” ಎಂದು ತಾಯಿಯವರ ವಾದ. “ಚಪ್ಪಲಿ ಬೇಡ, ಜಿರಳೆಯ ಔಷಧಿ ಸಿಂಪಡಿಸಿದರೆ ಸಾಕು” ಎಂದು ನನ್ನಾಕೆಯ ರಾಜಿಸೂತ್ರ. ಮಗಳು ವಾದ ಮಾಡಲಿಲ್ಲ. ನನ್ನ ಮುಖವನ್ನಷ್ಟೇ ನೋಡಿದಳು. ವಿಚಾರಣೆಯನ್ನು ಮರುದಿನಕ್ಕೆ ಮುಂದೂಡಿ ನಾನು ಕಾಲೇಜಿಗೆ ಹೊರಟೆ.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು ಮಿತಭಾಷಿಗಳು. ಜೇಡದ ಸುದ್ದಿ ಬಂದರೆ ಮಾತ್ರ ಆ ವ್ರತ ಮುರಿಯುತ್ತದೆ. ಅವರು ಹೇಳಿದ್ದರ ಸಾರಾಂಶವಿಷ್ಟು: ಇದು ಬೇಟೆಗಾರ ಜೇಡ. ಸ್ವೀಡನ್ನಿನ ಲಿನೇಯಸ್ 1767ರಲ್ಲೇ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ್ದಾನೆ. ಹಡಗಿನ ಸರಕಿನಲ್ಲಿ, ಬಾಳೆಗೊನೆಗಳ ಸಂದಿಯಲ್ಲಿ ಅಡಗಿ ಕುಳಿತು, ಉಷ್ಣವಲಯದ ದೇಶಗಳಿಗೆಲ್ಲ ಇದು ಪ್ರವಾಸ ಮಾಡಿದೆ. ಇರುಳೆಲ್ಲ ಜಿರಳೆ ಹಿಡಿಯುವುದು ಇದರ ಉದ್ಯೋಗ. ಹಿಡಿದು ಹಿಸುಕಿದರೆ ಕಚ್ಚೀತು, ನೋವೂ ಆದೀತು, ಪ್ರಾಣಭಯವೇನಿಲ್ಲ. ತಾಯಿಯವರು ಹೇಳುವ ಬೊಬ್ಬೆಗೆ ಬಹುವೇಳೆ ಕಾರಣ ಜೇಡವಲ್ಲ. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಒಂದು ಪುಟ್ಟ ಕೀಟ. ಅದು ಮೈಮೇಲೆ ಜಜ್ಜಿಹೋದಾಗ ಸೂಸುವ ರಸವೇ ಚರ್ಮವನ್ನು ಸುಡುವುದು. ಅಪವಾದ ಮಾತ್ರ ಜೇಡದ ಪಾಲಿಗೆ.

ಕನ್ನಡದ ಅಧ್ಯಾಪಕನಾದ ನನಗೆ ಇನ್ನೊಂದು ವಿಷಯ ಹಿಡಿಸಿತು. ಜೇಡನೆಂದರೆ ನೇಕಾರ, ನಮ್ಮ ವಚನಕಾರ ಜೇಡರ ದಾಸಿಮಯ್ಯನ ಕಾಯಕವೂ ನೇಯ್ಗೆಯೇ. ಆದರೆ ಈ ಜೇಡ ಬೇಟೆಗೆಂದು ಬಲೆ ನೇಯುವುದೇ ಇಲ್ಲ; ಓಡಿ ಹಿಡಿದು ತಿನ್ನುತ್ತದೆ. ತನ್ನ ನೂಲಿನ ನೇಯ್ಗೆಯನ್ನೆಲ್ಲ ಈ ಒಂದು ತೊಟ್ಟಿಲಿಗಾಗಿ ಮೀಸಲಿಟ್ಟ ಹಾಗಿದೆ. ಇನ್ನೂರರಷ್ಟು ತತ್ತಿಗಳನ್ನು ಅದರಲ್ಲಿ ಸುತ್ತಿ, ಮರಿಗಳು ಹೊರಬರುವವರೆಗೂ ಒಡಲಿಗೆ ಒತ್ತಿಕೊಂಡೇ ಇರುತ್ತದೆ.

ಮರುದಿನದ ತೀರ್ಪು ಜೇಡದ ಪರವಾಯಿತು. ಔಷಧಿಯ ಡಬ್ಬಿ ಅಟ್ಟ ಸೇರಿತು. ಅಲ್ಲಿಗೆ ನಾನು ಸುಮ್ಮನಿರಬೇಕಾಗಿತ್ತು. ಆದರೆ ಪ್ರಾಯಶ್ಚಿತ್ತದ ಉತ್ಸಾಹ ಎಂಬುದೊಂದು ಉಂಟಷ್ಟೆ! ಬಸುರಿ ಬಾಣಂತಿಯರಿಗೆ ಪಥ್ಯದ ಊಟ ಒಯ್ಯುವ ಮನೆತನ ನಮ್ಮದು. ಸತ್ತ ಜಿರಳೆಯೊಂದನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಅದರ ಬಾಯಿಯ ಬಳಿಗೆ ಒಯ್ದೆ. ಜೇಡ ಮುಂಗಾಲುಗಳನ್ನೆತ್ತಿ ಬೆದರಿಸಿತು. ಮರುಕ್ಷಣ ಗಂಟಿನೊಡನೆ ಗೋಡೆಯುದ್ದಕ್ಕೂ ಹರಿದು ಚಾವಣಿಯ ಮೂಲೆ ಸೇರಿತು. ಆ ಅವಸರದಲ್ಲಿ ಗಂಟು ಒಂದು ಪಕ್ಕಕ್ಕೆ ವಾಲಿದ್ದನ್ನು ಕಂಡು ಮಗಳು ಅಳುತ್ತ ಓಡಿದಳು. ಎರಡನೆಯ ಸಲವೂ ನಾನೇ ಅಪರಾಧಿ.

ಅಧ್ಯಾಪಕ ಮಿತ್ರರು ಈ ಕಥೆ ಕೇಳಿ ನಗಲಿಲ್ಲ. “ಯುರೋಪು ಅಮೆರಿಕಗಳಲ್ಲಿ ಟರಾಂಟುಲಾ ಎಂಬ ರೋಮಶವಾದ ದೊಡ್ಡ ಜೇಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರಿದ್ದಾರೆ. ಅವರನ್ನು ಕೇಳಿದ್ದರೆ ನಿಮಗೆ ಮೊದಲೇ ಬುದ್ಧಿ ಹೇಳುತ್ತಿದ್ದರು” ಎಂದರು. ಮೆಕ್ಸಿಕೋ ದೇಶದ ಕೆಂಪು ಮಂಡಿಯ ಟರಾಂಟುಲಾದ ಹೆಣ್ಣು ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ತತ್ತಿಯಿಟ್ಟಾಗ ಅದು ಗಂಟನ್ನು ಕಾಲುಗಳ ನಡುವೆ ಹಿಡಿದು, ಆಗಾಗ ಹೊರಳಿಸುತ್ತ ಕಾಪಾಡುತ್ತದೆ. ಆಗ ಸಾಕಿದವರು ಮಾಡುವ ಆರೈಕೆ ಎಷ್ಟೆಂದರೆ, ಬಟ್ಟಲಿನಲ್ಲಿ ನೀರು ಬತ್ತದಂತೆ ನೋಡುವುದು, ಬೆಚ್ಚಗಿನ ಹದ ಕೆಡದಂತೆ ನೋಡುವುದು, ಪೆಟ್ಟಿಗೆಯನ್ನು ಅಲುಗಿಸದಿರುವುದು. ಬೆದರಿದ ತಾಯಿ ತನ್ನ ತತ್ತಿಗಳನ್ನು ತಾನೇ ತಿಂದುಬಿಡುವುದುಂಟು. ಆ ಭಯದಿಂದ ಕೆಲವರು ಸುಮಾರು ಮೂವತ್ತು ದಿನಗಳಾದ ಮೇಲೆ ಗಂಟನ್ನು ಬೇರ್ಪಡಿಸಿ, ದಿನಕ್ಕೆ ಹಲವು ಬಾರಿ ತಾವೇ ಹೊರಳಿಸುತ್ತಾರಂತೆ. ತಾಯಿಯಿಂದ ಗಂಟನ್ನು ಕಸಿದುಕೊಂಡವನು ತಾಯಿಯ ಚಾಕರಿಯನ್ನೂ ಮಾಡಬೇಕಾಗುತ್ತದೆ!

ಸಾಕುವ ಹಂಬಲಕ್ಕೆ ಇನ್ನೊಂದು ಮುಖವೂ ಇದೆ. ಬಳ್ಳಾರಿಯ ಆಚೆ, ಆಂಧ್ರದ ಗುತ್ತಿಯಲ್ಲಿ, 1899ರಲ್ಲಿ ನೀಲಿ ಬಣ್ಣದ ಟರಾಂಟುಲಾ ಒಂದು ಶಾಸ್ತ್ರಜ್ಞರ ಗಮನಕ್ಕೆ ಬಂದಿತು. ಮತ್ತೆ ಅದು ಪತ್ತೆಯಾದದ್ದು ನೂರೆರಡು ವರ್ಷಗಳ ಮೇಲೆ, 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಕಾಡಿನಲ್ಲಿ. ಮರದ ಪೊಟರೆಯೇ ಅದರ ಮನೆ. ಅತ್ತ ಕಾಡು ಕರಗುತ್ತಿದೆ. ಇತ್ತ ಅದರ ಚೆಲುವಿಗೆ ಮರುಳಾದ ವಿದೇಶದ ಕೊಳ್ಳುಗರು. ಈಗ ಅದು ಅಳಿವಿನ ಅಂಚಿನಲ್ಲಿದೆ. ಅದರ ಕುಲದ ಜೇಡಗಳೆಲ್ಲವನ್ನೂ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದಕ್ಕೆ ಸೇರಿಸಲಾಯಿತು. ಪ್ರೀತಿಯೂ ಕೈ ಚಾಚಿತೆಂದರೆ ಚಪ್ಪಲಿಗಿಂತ ಬಹಳ ಮೇಲೇನಲ್ಲ.

ಆ ಸಂಜೆ ಮನೆಗೆ ಬಂದವನು ಕಡ್ಡಿಯನ್ನು ಮುರಿದು ಎಸೆದೆ. ಅನಂತರ ನಾವು ಮಾಡಿದ್ದೆಂದರೆ ಕಾದದ್ದು. ಕನ್ನಡದಲ್ಲಿ ‘ಕಾಯುವುದು’ ಎಂದರೆ ರಕ್ಷಿಸುವುದು, ನಿರೀಕ್ಷಿಸುವುದೂ ಹೌದು, ಒಲೆಯ ಮೇಲಿನ ನೀರು ಬಿಸಿಯಾಗುವುದೂ ಕಾಯುವುದೇ. ಹದಿನಾರು ವರ್ಷಗಳ ಹಿಂದೆ ಎಂ.ಎ. ತರಗತಿಯಲ್ಲಿ ಇಂಥ ಶಬ್ದಗಳಿಗೆ ಅರ್ಥ ಬರೆದು ಅಂಕ ಪಡೆದಿದ್ದೆ. ಗೋಡೆಯ ಮೇಲೆ ಅನ್ನಾಹಾರಗಳ ಪರಿವೆಯಿಲ್ಲದೆ ಕುಳಿತಿದ್ದ ಆ ಜೀವ ಮೊದಲೆರಡು ಅರ್ಥಗಳನ್ನೂ ಒಂದೇ ಭಂಗಿಯಲ್ಲಿ ತೋರಿಸುತ್ತಿತ್ತು.

ಮನೆಯ ನಡವಳಿಕೆಯೂ ತಾನಾಗಿ ಬದಲಾಯಿತು. ಬಚ್ಚಲುಮನೆಯ ಬಾಗಿಲು ಸದ್ದಿಲ್ಲದೆ ಮುಚ್ಚತೊಡಗಿತು. ಕೆಲಸದಾಕೆಗೆ, “ಆ ಮೂಲೆಗೆ ಪೊರಕೆ ಚಾಚಬೇಡಮ್ಮ” ಎಂದು ತಾಕೀತು ಮಾಡಿದವರು ನಮ್ಮ ತಾಯಿಯೇ. ಮಗಳು ಗೋಡೆಯ ಪಂಚಾಂಗದಲ್ಲಿ ದಿನಕ್ಕೊಂದು ಗೀಟು ಎಳೆಯುತ್ತ ಹೋದಳು.

ಇಪ್ಪತ್ತಮೂರು ಗೀಟುಗಳಾದ ಮರುದಿನ ಬೆಳಿಗ್ಗೆ ಆಕೆಯ ಕೂಗಿಗೆ ಮನೆಮಂದಿಯೆಲ್ಲ ಓಡಿದೆವು. ಗಂಟಿನ ಅಂಚು ಬಿರಿದಿತ್ತು. ಕಾಲು ಮೂಡಿದ ಎಳ್ಳುಕಾಳುಗಳಂತೆ ಮರಿಗಳು ಗೋಡೆಯ ಮೇಲೆ ಹರಡಿದ್ದವು. ಎರಡು ಮೂರು ದಿನಗಳಲ್ಲಿ ನೂಲು ಹಿಡಿದು, ಕಿಟಕಿ ದಾಟಿ, ಎಲ್ಲವೂ ಚದರಿಹೋದವು. ಬಡಕಲಾಗಿದ್ದ ತಾಯಿ ಜೇಡ ಒಂದು ರಾತ್ರಿ ತಾನೂ ಹೊರಟುಹೋಯಿತು. ಬರಿದಾದ ಬಿಳಿಯ ಬಿಲ್ಲೆ ಈಗ ಮಗಳ ಪೆನ್ಸಿಲ್ ಪೆಟ್ಟಿಗೆಯಲ್ಲಿದೆ.

ಅದನ್ನು ಕೈಯಲ್ಲಿ ಹಿಡಿದುಕೊಂಡು ಆಕೆ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದಳು, ಈ ಸಲ ಅಜ್ಜಿಯನ್ನು. ನಮ್ಮ ತಾಯಿ ಹೂ ಕಟ್ಟುತ್ತಿದ್ದವರು ತಲೆಯೆತ್ತದೆ ಹೇಳಿದರು: “ಬಿಟ್ಟು ಓಡುವವಳಾಗಿದ್ದರೆ ಗಂಟು ಕಟ್ಟುತ್ತಲೇ ಇರಲಿಲ್ಲ, ಕಂದಾ.”

ನಾನು ಬಾಗಿಲಲ್ಲಿ ನಿಂತು ಕೇಳಿದೆ. ಪಾಠ ಓದಿಕೋ ಎಂದು ಗದರಿಸಬಹುದಾದ ಉತ್ತರವಾಗಿರಲಿಲ್ಲ ಅದು. ಓದಿಕೊಳ್ಳಬೇಕಾಗಿದ್ದವನು ನಾನೇ.