ಚೀಲದೊಳಗೇನಿದೆ ಎಂದರೆ ಬೆಚ್ಚುವವರಿಗೆ

ಇಂಗ್ಲಿಷ್ ಪಿರಿಯಡ್‌ನಲ್ಲಿ ಚೀಲದಲ್ಲಿ ಅಡಗಿಸಿದ ವಸ್ತುವನ್ನು ಎಣಿಸಿದಷ್ಟೇ ಹೌದು–ಅಲ್ಲ ಪ್ರಶ್ನೆಗಳಲ್ಲಿ ಪತ್ತೆಹಚ್ಚುವ ಊಹೆಯ ಆಟ ಆಡಿಸಬಾರದು ಎನ್ನುವವರಿಗೆ ಆಂಧ್ರದ ಆದೋನಿ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳ ಸುತ್ತ ಬರವಿಲ್ಲ. ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಓದುಗರೇ ಪಂಚರು.

‘ಆಟಕ್ಕೆ ಕೂತರೆ ಸಿಲಬಸ್ ಮುಗಿಯುವುದಿಲ್ಲ’ ಎನ್ನುತ್ತಾರೆ. ಈಗ ಅದು ಮುಗಿಯುವ ಬಗೆ ಎಲ್ಲರಿಗೂ ಗೊತ್ತು. ಮೇಷ್ಟ್ರು ಪಾಠ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಪ್ರಶ್ನೋತ್ತರ ಬೋರ್ಡಿಗೆ ಹಾಕುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಇಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಸ್ವಂತವಾಗಿ ಆಡಿದ ಇಂಗ್ಲಿಷ್ ವಾಕ್ಯ ಎಷ್ಟು? ಒಂದೂ ಇಲ್ಲ. ಸಿಲಬಸ್ ಮುಗಿದದ್ದು ಮೇಷ್ಟ್ರಿಗೆ.

‘ಊಹೆ ಎಂದರೆ ಜೂಜು, ತಲೆಗೆ ಕೆಲಸವಿಲ್ಲ’ ಎನ್ನುವವರು ಲೆಕ್ಕ ಮಾಡಿ ನೋಡಲಿ. ಹೌದು–ಅಲ್ಲ ಎಂಬ ಉತ್ತರ ಬರುವ ಒಂದು ಒಳ್ಳೆಯ ಪ್ರಶ್ನೆ ಸಾಧ್ಯತೆಗಳನ್ನು ಅರ್ಧಕ್ಕೆ ಇಳಿಸುತ್ತದೆ. ಅಂಥ 20 ಪ್ರಶ್ನೆಗಳಿಂದ 10,48,576 ವಸ್ತುಗಳ ರಾಶಿಯಲ್ಲಿ ಒಂದನ್ನು ಹೆಕ್ಕಬಹುದು. ‘ಹುಣಸೆಯೇ? ಈರುಳ್ಳಿಯೇ?’ ಎಂದು ಸುಮ್ಮನೆ ಹೆಸರು ಎಸೆಯುವವನು ಸೋಲುತ್ತಾನೆ, ‘ಬೆಳೆಯುವಂಥದ್ದೇ? ತಿನ್ನುವಂಥದ್ದೇ?’ ಎಂದು ಬೇಲಿ ಹಾಕುತ್ತ ಬಂದವಳು ಗೆಲ್ಲುತ್ತಾಳೆ.

ಮೂರನೆಯದು ಅವರ ಬ್ರಹ್ಮಾಸ್ತ್ರ: ‘ತಪ್ಪು ಇಂಗ್ಲಿಷ್ ನಾಲಿಗೆಗೆ ಅಂಟಿಕೊಳ್ಳುತ್ತದೆ.’ ಪೆದ್ದಹರಿವಾಣದಂಥ ಊರಿನ ಏಳನೇ ತರಗತಿ ಎಂದುಕೊಳ್ಳಿ. ಬಟ್ಟೆ ಚೀಲದಲ್ಲಿ ಒಂದು ಶೇಂಗಾ ಕಾಯಿ ಇದೆ. ಹುಡುಗನೊಬ್ಬ ‘ಈಸ್ ಇಟ್ ಈಟಿಂಗ್?’ ಎನ್ನುತ್ತಾನೆ. ಮೇಡಂ ನಗದೆ ‘ನೋ’ ಎನ್ನುತ್ತಾರೆ. ಶೇಂಗಾ ಏನನ್ನೂ ತಿನ್ನುವುದಿಲ್ಲವಲ್ಲ! ತರಗತಿ ತಿನ್ನುವ ಪದಾರ್ಥಗಳನ್ನೆಲ್ಲ ಬಿಟ್ಟು ಕಲ್ಲು, ಬಳಪ, ಗುಂಡಿ ಎಂದು ಅಲೆಯುತ್ತದೆ. ಕೊನೆಗೆ ಯಾರೋ ಒಬ್ಬಳಿಗೆ ಅನುಮಾನ ಬಂದು ‘ಕ್ಯಾನ್ ವಿ ಈಟ್ ಇಟ್?’ ಎಂದು ಕೇಳುತ್ತಾಳೆ. ‘ಯೆಸ್.’ ಮೊದಲ ಹುಡುಗ ತನ್ನ ಪ್ರಶ್ನೆ ಎಲ್ಲಿ ಕೆಟ್ಟಿತು ಎಂದು ಆ ಗಳಿಗೆಯಲ್ಲೇ ಅರಿಯುತ್ತಾನೆ. ಕೆಂಪು ಶಾಯಿಯ ಗೆರೆ ಇಷ್ಟು ಕಲಿಸಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ಮಾತು. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಮಾತಿನ ತುದಿಯನ್ನು ಎಳೆದರೆ ಪ್ರಶ್ನೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ಈಸ್’, ‘ಡಸ್’, ‘ಕ್ಯಾನ್’ಗಳನ್ನು ತಲೆಗೇ ತರಬೇಕು. ನಮ್ಮ ಮಕ್ಕಳು ಎಡವುವುದೇ ಅಲ್ಲಿ. ಅದನ್ನೇ ಮತ್ತೆ ಮತ್ತೆ ಆಡಿಸುವ ಆಟ ಬೇಡವಂತೆ!

‘ಗದ್ದಲವಾಗುತ್ತದೆ, ಮಕ್ಕಳು ಕನ್ನಡಕ್ಕೇ ಜಾರುತ್ತಾರೆ.’ ಮಕ್ಕಳು ಬಾಯಿಯೇ ಬಿಡುವುದಿಲ್ಲ ಎಂದು ದೂರುತ್ತಿದ್ದವರೂ ಇವರೇ ಎಂಬುದನ್ನು ಪಂಚರು ಮರೆಯಬಾರದು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು ಮತ್ತು ತಮಿಳುನಾಡಿನ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿಗೆ ಪರಿಚಿತವಾದ ಪ್ರಯೋಗದಲ್ಲಿ ಗುಂಪು ಚಟುವಟಿಕೆಗೆ ಒತ್ತೇ ಇರಲಿಲ್ಲ. ಮೇಷ್ಟ್ರು ಮುಂದೆ ನಿಂತು ಇಡೀ ತರಗತಿಯೊಡನೆ ಒಂದು ಸಮಸ್ಯೆ ಬಿಡಿಸುತ್ತಿದ್ದರು. ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಿದ್ದರು. ತಾಯಿನುಡಿಗೆ ನಿಷೇಧವೂ ಇರಲಿಲ್ಲ. ಚೀಲದ ಆಟವೂ ಹಾಗೇ: ಒಬ್ಬರು ಕೇಳುವಾಗ ಉಳಿದವರು ಕಿವಿಗೊಡಲೇಬೇಕು, ಇಲ್ಲವಾದರೆ ಕೇಳಿದ್ದನ್ನೇ ಕೇಳಿ ಪ್ರಶ್ನೆ ಕಳೆದುಕೊಳ್ಳುತ್ತಾರೆ.

‘ಇವೆಲ್ಲ ಕಾನ್ವೆಂಟ್ ಚಾಳಿ’ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಒಗಟು ಬಿಡಿಸುತ್ತ ಬೆಳೆದ ಊರುಗಳಿಗೆ ಊಹೆ ಯಾವ ಕಾನ್ವೆಂಟಿನಿಂದ ಬರಬೇಕು? ಇತ್ತ 2019ರಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮ ಮಾಡಹೊರಟು ಆದೇಶ ಹೊರಡಿಸಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. 2023ರಲ್ಲಿ ಮೂರನೇ ತರಗತಿಯಿಂದಲೇ ಅಮೆರಿಕದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಬಂತು. ಆಗ ‘ನಮ್ಮ ಮಕ್ಕಳು ಇಂಗ್ಲಿಷ್ ಮಾತಾಡಬೇಕು’ ಎಂದು ಚಪ್ಪಾಳೆ ತಟ್ಟಿದವರಿಗೆ ಟೋಫೆಲ್ ಪರಕೀಯ ಅನ್ನಿಸಲಿಲ್ಲ. ಚೀಲದ ಶೇಂಗಾ ಪರಕೀಯ ಅನ್ನಿಸಿತು.

ಉಳಿದದ್ದು ಪರೀಕ್ಷೆ. ‘ಹತ್ತನೇ ತರಗತಿಯಲ್ಲಿ ಇದಕ್ಕೆ ಮಾರ್ಕ್ಸ್ ಎಲ್ಲಿದೆ?’ ಪ್ರಶ್ನೆ ನ್ಯಾಯವಾದದ್ದೇ. ಪ್ರಭು ಅವರ ಪ್ರಯೋಗವನ್ನು ಅಳೆದ ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡೂ ಪಕ್ಷಗಳಿಗೆ ಬುತ್ತಿ ಕೊಟ್ಟಿದೆ: ವ್ಯಾಕರಣ ರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ತರಗತಿಗಳು ಮುಂದಿದ್ದವು, ಭಾಷೆ ಬಳಸಿ ಕೆಲಸ ಮಾಡುವ ಪರೀಕ್ಷೆಯಲ್ಲಿ ಪ್ರಾಜೆಕ್ಟಿನ ಮಕ್ಕಳು. ಏನನ್ನು ರೂಢಿಸಿಕೊಂಡರೋ ಅದು ಬಂತು. ಹಾಗಾಗಿ ನಾನು ಕೇಳುತ್ತಿರುವುದು ವಾರದ ಪಿರಿಯಡ್‌ಗಳನ್ನೆಲ್ಲ ಅಲ್ಲ, ಒಂದನ್ನು. ಉಳಿದವುಗಳಲ್ಲಿ ವ್ಯಾಕರಣ ಬೇಕಾದಷ್ಟು ಅರೆಯಿರಿ.

ಪಂಚರು ತೀರ್ಪು ಕೊಡುವ ಮುನ್ನ ತಮ್ಮ ಮನೆಯ ಮಗುವಿನ ಇಂಗ್ಲಿಷ್ ನೋಟ್‌ಬುಕ್ ಒಮ್ಮೆ ತೆರೆದು ನೋಡಲಿ. ಉತ್ತರಗಳು ಬಹುಪಾಲು ಗೈಡಿನವು, ಪ್ರಶ್ನೆಗಳೆಲ್ಲ ಪಠ್ಯಪುಸ್ತಕದವು. ಮಗು ತಾನಾಗಿ ಕೇಳಿದ ಒಂದು ಪ್ರಶ್ನೆ ಅದರಲ್ಲಿ ಸಿಕ್ಕರೆ, ಆಟ ಬೇಡವೆನ್ನುವವರ ಪರವಾಗಿಯೇ ತೀರ್ಪು ಬರೆಯಲಿ.